ನಾಯಿಗೆ ಸಿಕ್ಸ್ ಪ್ಯಾಕ್, ಮಾಲಕನಿಗೆ ಡೊಳ್ಳು

ಯಳವತ್ತಿಯಿಂದ ಲಕ್ಷ್ಮೇಶ್ವರದ ಕಡೆ ಹೊರಟರೆ ಈಗೀಗ ಒಂದು ಮೆರವಣಿಗೆ ಎದುರಾಗುತ್ತದೆ. ಮುಂದೆ ಬೈಕು. ಬೈಕಿನ ಮೇಲೆ ಮಾಲಕ. ಮಾಲಕನ ಕೈಯಲ್ಲಿ ಸರಪಳಿ. ಸರಪಳಿಯ ತುದಿಗೆ ನಾಯಿ. ಬೈಕು ಹೊಗೆ ಬಿಡುತ್ತದೆ, ನಾಯಿ ನಾಲಿಗೆ ಬಿಡುತ್ತದೆ, ಮಾಲಕ ಮಾತ್ರ ಜಂಬ ಬಿಡುವುದಿಲ್ಲ.

"ಏನ್ ನಡಸೀಯೋ ತಮ್ಮಾ?"

"ಬಾಡಿ ಮಾಡಾಕತ್ತೀನ್ರೀ ಕಾಕಾ."

"ಯಾರ್ದು?"

"ಟೈಸನ್‌ದು."

ಟೈಸನ್ ಎಂದರೆ ನಾಯಿ. ಎಂಟು ತಿಂಗಳ ಮರಿ. ಬಾಡಿ ನಾಯಿಯದು, ಹೆಸರು ಅಮೆರಿಕದ್ದು, ಪೆಟ್ರೋಲು ಅಪ್ಪನದು.

ಹಿಂದೆ ನಮ್ಮ ಊರುಗಳಲ್ಲಿ ಮೈಕಟ್ಟು ಬೇಕೆಂದವನು ಗರಡಿಮನೆಗೆ ಹೋಗುತ್ತಿದ್ದ. ತಾನೇ ಬಸ್ಕಿ ಹೊಡೆಯುತ್ತಿದ್ದ. ತಾನೇ ಮಣ್ಣಲ್ಲಿ ಹೊರಳುತ್ತಿದ್ದ. ಈಗ ಆ ಕೆಲಸವನ್ನೂ ಗುತ್ತಿಗೆಗೆ ಕೊಟ್ಟಾಗಿದೆ. ಮೈ ಕಟ್ಟುವುದು ನಾಯಿಯ ಪಾಲಿಗೆ, ಎದೆ ಉಬ್ಬಿಸುವುದು ಮಾಲಕನ ಪಾಲಿಗೆ. ನಾಯಿಯ ತೊಡೆ ಉಬ್ಬಿದಷ್ಟೂ ಇವನ ಮೀಸೆ ಏರುತ್ತದೆ. ಇವನ ಹೊಟ್ಟೆಯೂ ಏರುತ್ತದೆ, ಆದರೆ ಅದನ್ನು ರೀಲ್ಸಿನಲ್ಲಿ ಯಾರೂ ತೋರಿಸುವುದಿಲ್ಲ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವ ಚರ್ಮವಿಲ್ಲ. ಬೆವರಿದರೂ ಅಂಗಾಲಲ್ಲಿ, ಅದೂ ಲೆಕ್ಕಕ್ಕೆ ಬಾರದಷ್ಟು. ಒಳಗಿನ ಬಿಸಿ ಹೊರಗೆ ಹೋಗಬೇಕೆಂದರೆ ನಾಲಿಗೆ ಚಾಚಿ ತೇಕುವುದೇ ಮುಖ್ಯ ದಾರಿ. ಮಾಲಕನಿಗೆ ಬೆವರುವ ಚರ್ಮವುಂಟು, ಬೆವರುವ ಮನಸ್ಸಿಲ್ಲ. ಇಂಥ ಇಬ್ಬರು ಸೇರಿ ಬೆಳಗಾಗೆದ್ದು ವ್ಯಾಯಾಮ ಮಾಡುತ್ತಾರೆ.

ಬೈಕಿಗೆ ಕಟ್ಟಿದ ನಾಯಿ ದಣಿವಾಯಿತೆಂದು ಹೇಳುವುದು ಹೇಗೆ? ನಿಂತರೆ ಕುತ್ತಿಗೆ ಬಿಗಿಯುತ್ತದೆ. ನಿಲ್ಲದಿದ್ದರೆ ಎದೆ ಒಡೆಯುತ್ತದೆ. ಅದು ಓಡುತ್ತದೆ, ಕುಸಿಯುವವರೆಗೂ ಓಡುತ್ತದೆ. ಇದಕ್ಕೆ ನಾವು ನಿಷ್ಠೆ ಎಂದು ಹೆಸರಿಟ್ಟಿದ್ದೇವೆ. ಇಟ್ಟು, ಆ ನಿಷ್ಠೆಯ ಮೇಲೆ ಆಕ್ಸಿಲರೇಟರ್ ತಿರುವುತ್ತೇವೆ.

ಬೇಸಿಗೆಯಲ್ಲಿ ನಮ್ಮ ಗದಗ ಸೀಮೆಯ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಡಾಂಬರು ಅದಕ್ಕಿಂತ ಸುಡುತ್ತದೆ. ಅಂಗೈಯ ಹಿಂಬದಿಯನ್ನು ಏಳೆಂಟು ಸೆಕೆಂಡು ರಸ್ತೆಗೆ ಒತ್ತಿ ಹಿಡಿಯಲಾಗದಿದ್ದರೆ ಆ ರಸ್ತೆಯಲ್ಲಿ ನಾಯಿ ನಡೆಸಬಾರದು ಎನ್ನುತ್ತಾರೆ ಪಶುವೈದ್ಯರು. ನಮ್ಮ ತಮ್ಮ ಯಾಕೆ ರಸ್ತೆಗೆ ಕೈ ಹಚ್ಚಿಯಾನು? ಅವನ ಕಾಲಲ್ಲಿ ಬೂಟುಂಟು. ಬ್ರ್ಯಾಂಡೆಡ್.

ನಾಯಿಯ ಮೈ ಆರೋಗ್ಯವಾಗಿದ್ದಾಗಲೂ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 106ಕ್ಕೆ ಹೋಯಿತೆಂದರೆ ಒಳಗಿನ ಅಂಗಗಳು ಒಂದೊಂದಾಗಿ ಕೈಕೊಡತೊಡಗುತ್ತವೆ. ಆಗ ನೆರಳಿಗೆ ಒಯ್ದು, ಮೈತುಂಬ ನೀರು ಸುರಿದು, ಗಾಳಿ ಬೀಸಿ, ದವಾಖಾನೆಗೆ ಓಡಬೇಕು. ನಮ್ಮ ತಮ್ಮ ಮೊದಲು ಮೊಬೈಲು ತೆಗೆಯುತ್ತಾನೆ. ಮರುದಿನ ಸ್ಟೇಟಸ್ಸಿನಲ್ಲಿ ಅಳುವ ಮುಖ, ಕೈ ಮುಗಿದ ಚಿತ್ರ, ‘ಮಿಸ್ ಯೂ ಟೈಸನ್’. ನೂರಾರು ಮಂದಿ ಲೈಕ್ ಒತ್ತುತ್ತಾರೆ. ಬಿಸಿಲಲ್ಲಿ ಓಡಿಸಿದ್ದು ಯಾರೆಂದು ಒಬ್ಬನೂ ಕೇಳುವುದಿಲ್ಲ.

ಇನ್ನು ವಯಸ್ಸಿನ ಮಾತು.

ಮರಿಯ ಕಾಲಿನ ಎಲುಬು ಬೆಳೆಯುವುದು ಅದರ ತುದಿಗಳಲ್ಲಿ. ಆ ತುದಿ ಇನ್ನೂ ಎಳೆಯದು, ಮೆತ್ತಗಿನದು. ಗಟ್ಟಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಭಾರೀ ಮೈಯ ತಳಿಗಳಿಗೆ ಒಂದೂವರೆ ವರ್ಷವೂ ಹಿಡಿಯುತ್ತದೆ. ಅಷ್ಟರೊಳಗೆ ಭಾರ ಎಳೆಸಿದರೆ, ಎತ್ತರದಿಂದ ಜಿಗಿಸಿದರೆ, ಗಟ್ಟಿ ರಸ್ತೆಯಲ್ಲಿ ಮೈಲುಗಟ್ಟಲೆ ಓಡಿಸಿದರೆ ಆ ಎಳೆಯ ಜಾಗಕ್ಕೆ ಪೆಟ್ಟಾಗುತ್ತದೆ. ಕಾಲು ಸೊಟ್ಟಗಾಗುತ್ತದೆ. ಸೊಟ್ಟಗಾದ ಕಾಲನ್ನು ಯಾವ ಮೊಟ್ಟೆಯೂ ನೆಟ್ಟಗೆ ಮಾಡುವುದಿಲ್ಲ.

ಗರಡಿಯ ವಸ್ತಾದಿ ಎಂಟು ವರ್ಷದ ಹುಡುಗನ ತಲೆ ಮೇಲೆ ಸಂಗ್ರಾಣಿ ಕಲ್ಲು ಹೊರಿಸುತ್ತಿರಲಿಲ್ಲ. ಅವನು ಓದಿದವನಲ್ಲ. ಮೃದ್ವಸ್ಥಿ ಎಂಬ ಶಬ್ದ ಕೇಳಿದವನಲ್ಲ. ಆದರೂ ಮೊದಲ ವರ್ಷ ಎಣ್ಣೆ ತಿಕ್ಕು, ಬಗ್ಗು, ಏಳು, ಮಣ್ಣು ಹದ ಮಾಡು ಅನ್ನುತ್ತಿದ್ದ. ಖುರಾಕು ಆಮೇಲೆ, ಕಲ್ಲು ಇನ್ನೂ ಆಮೇಲೆ. ನಮ್ಮ ತಮ್ಮ ಡಿಗ್ರಿ ಮಾಡಿದವನು. ಎಂಟು ತಿಂಗಳ ಮರಿಗೆ ಟ್ರ್ಯಾಕ್ಟರಿನ ಹಳೇ ಟೈರು ಕಟ್ಟುತ್ತಾನೆ.

ಟೈರು ಸಾಲದೆಂದು ಸರಪಳಿ. ದನಕ್ಕೆ ಕಟ್ಟಲೂ ಹಿಂಜರಿಯುವಂಥ ಸರಪಳಿ. ಕುತ್ತಿಗೆಗೆ ಭಾರ ಹಾಕಿದರೆ ಕುತ್ತಿಗೆ ದಪ್ಪವಾಗುತ್ತದಂತೆ. ಹಾಗಿದ್ದರೆ ನಮ್ಮ ಎತ್ತುಗಳೆಲ್ಲ ಇಷ್ಟೊತ್ತಿಗೆ ಆನೆಗಳಾಗಬೇಕಿತ್ತು. ಕುತ್ತಿಗೆಯಲ್ಲಿ ಮಾಂಸವೊಂದೇ ಇರುವುದಲ್ಲ, ಶ್ವಾಸನಾಳವೂ ಅಲ್ಲೇ, ಬೆನ್ನುಹುರಿಯೂ ಅಲ್ಲೇ. ದಿನವಿಡೀ ತೂಗುವ ಭಾರಕ್ಕೆ ಸವೆಯುವುದು ಅವು. ಬೆಳೆದ ನಾಯಿಗೆ ಭಾರ ಎಳೆಸಲೇಬೇಕೆಂದರೆ ಎದೆಗೆ ಹೊಂದುವ ಮೆತ್ತನೆಯ ಪಟ್ಟಿ ಬೇಕು, ಹಗುರದಿಂದ ಶುರುವಾಗಬೇಕು, ನಡುವೆ ಬಿಡುವು ಬೇಕು. ಪಟ್ಟಿಗೆ ರೊಕ್ಕ ಬೇಕು. ಸರಪಳಿ ಮನೆಯಲ್ಲೇ ಬಿದ್ದಿತ್ತು.

ಇನ್ನೂ ಕೆಲವರು ಬೇವಿನ ಟೊಂಗೆಗೆ ಟೈರು ಕಟ್ಟಿ, ನಾಯಿಯ ಬಾಯಿಗೆ ಕೊಟ್ಟು, ಅದು ಜೋತಾಡುವುದನ್ನು ವಿಡಿಯೊ ಮಾಡುತ್ತಾರೆ. ದವಡೆ ಗಟ್ಟಿಯಾಗುತ್ತದಂತೆ. ಹಲ್ಲು ಮುರಿದದ್ದು ವಿಡಿಯೊದಲ್ಲಿ ಬರುವುದಿಲ್ಲ. ನಾನು ಕೇಳುವುದಿಷ್ಟೆ: ದವಡೆ ಗಟ್ಟಿ ಮಾಡಿಸಿ ಯಾರನ್ನು ಕಚ್ಚಿಸುವ ವಿಚಾರ?

ಈಗ ಡಬ್ಬಿಗೆ ಬರೋಣ. ನಮ್ಮ ಕಾಲದ ದೇವರು ಇರುವುದು ಡಬ್ಬಿಯಲ್ಲೇ.

ಗದಗಿನಿಂದ ತಂದ ಪ್ರೋಟೀನ್ ಪೌಡರು. ಚಾಕೊಲೇಟ್ ರುಚಿಯದು. ಅರ್ಧ ನಮ್ಮ ತಮ್ಮ ಕುಡಿಯುತ್ತಾನೆ, ಅರ್ಧ ನಾಯಿಗೆ. ಸಮಾನತೆ. ನಾಯಿಗೆ ಚಾಕೊಲೇಟ್ ವಿಷ ಎಂಬುದನ್ನು ಈಗ ಮೂರನೇ ಇಯತ್ತೆಯ ಹುಡುಗರೂ ಬಲ್ಲರು. ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಎಂಬ ಸಿಹಿ ಇನ್ನೂ ಕೆಟ್ಟದ್ದು. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಕುಸಿಯುವಂತೆ ಮಾಡುತ್ತದೆ, ಯಕೃತ್ತನ್ನು ಹಾಳು ಮಾಡುತ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನಿದೆ ಎಂದು ಬರೆದಿರುತ್ತದೆ. ಓದಬೇಕಲ್ಲ. ಡಬ್ಬಿಯ ಮುಂದೆ ತೋಳು ಉಬ್ಬಿಸಿದ ಗಂಡಸಿನ ಚಿತ್ರವಿದೆ, ಅಷ್ಟು ಸಾಕು.

ಮರಿ ಬೇಗ ದೊಡ್ಡದಾಗಲೆಂದು ಕ್ಯಾಲ್ಸಿಯಂ ಸುರಿಯುವವರದು ಬೇರೆ ಪಂಗಡ. ದೊಡ್ಡ ತಳಿಯ ಮರಿಗೆ ಅತಿಯಾದ ಕ್ಯಾಲ್ಸಿಯಂ ಕೊಟ್ಟರೆ ಎಲುಬು ಗಟ್ಟಿಯಾಗುವುದಿಲ್ಲ, ವಿಕಾರವಾಗುತ್ತದೆ. ಇದರ ಮೇಲೆ ಸೂಜಿಯ ಪಂಗಡ. ಸ್ಟಿರಾಯ್ಡು ಚುಚ್ಚಿದರೆ ತಿಂಗಳೊಳಗೆ ಬಾಡಿ ಎಂದು ಯಾರೋ ಹೇಳಿರುತ್ತಾರೆ. ಬಾಡಿ ಬಂದೀತು. ಜತೆಗೆ ಯಕೃತ್ತು ಕೆಡುತ್ತದೆ, ಹೃದಯ ದಣಿಯುತ್ತದೆ, ಬೀಜ ಕುಗ್ಗುತ್ತದೆ, ಸಿಟ್ಟು ಏರುತ್ತದೆ. ಗಂಡಸುತನ ತೋರಿಸಲೆಂದು ಸಾಕಿದ ನಾಯಿಯ ಗಂಡಸುತನವೇ ಹೋಗುತ್ತದೆ. ದೇವರಿಗೂ ಹಾಸ್ಯಪ್ರಜ್ಞೆ ಇದೆ.

ಆಹಾರದಲ್ಲಿ ಪ್ರೋಟೀನು ಬೇಕು, ಇಲ್ಲವೆಂದವರು ಯಾರು? ಅಮೆರಿಕದಲ್ಲಿ ನಾಯಿ ಆಹಾರಕ್ಕೆ ಹಾಕಿಕೊಂಡಿರುವ ಕನಿಷ್ಠ ಅಳತೆ, ನೀರಿನಂಶ ಬಿಟ್ಟು ನೂರಕ್ಕೆ 18 ಪಾಲು. ಬೆಳೆಯುವ ಮರಿಗೆ 22.5. ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿ, ಒಂದಿಷ್ಟು ಅನ್ನವೋ ರೊಟ್ಟಿಯೋ ಇದ್ದು, ಅದನ್ನು ಪಶುವೈದ್ಯರಿಗೆ ಒಮ್ಮೆ ತೋರಿಸಿ ಸರಿಮಾಡಿಸಿಕೊಂಡರೆ ಡಬ್ಬಿಯ ಹಂಗಿಲ್ಲ. ಬರೀ ಜೋಳದ ರೊಟ್ಟಿ, ಮಜ್ಜಿಗೆಯಲ್ಲಿ ತೊಡೆ ಬರುವುದಿಲ್ಲ. ಬರೀ ಮೊಟ್ಟೆಯಲ್ಲೂ ಬರುವುದಿಲ್ಲ. ತಿಂದದ್ದು ಮಾಂಸಖಂಡವಾಗಬೇಕಾದರೆ ಮೈ ದುಡಿಯಬೇಕು. ದುಡಿದ ಮೇಲೆ ಮಲಗಬೇಕು. ಇಲ್ಲದಿದ್ದರೆ ತಿಂದದ್ದು ಕೊಬ್ಬಾಗಿ ಕೂರುತ್ತದೆ. ಮಾಲಕರು ಬೇಕಾದರೆ ಸ್ವಂತ ಸೊಂಟ ಮುಟ್ಟಿ ನೋಡಿಕೊಳ್ಳಬಹುದು.

ಮೊಟ್ಟೆ ಎಂದ ಕೂಡಲೇ ನೆನಪಾಯಿತು. 2021ರ ಕೊನೆಗೆ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಶಾಲೆ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಹೊರಟಾಗ ಎಂಥ ಗದ್ದಲ! ಕೆಲವು ಮಠಾಧೀಶರು ಬೀದಿಗಿಳಿಯುತ್ತೇವೆಂದರು. ಧರ್ಮ ಕೆಡುತ್ತದೆ, ಸಂಸ್ಕೃತಿ ಹಾಳಾಗುತ್ತದೆ, ಬಾಳೆಹಣ್ಣು ಕೊಡಿ. ಆ ಹೇಳಿಕೆಗೆ ಜೈ ಅಂದವರ ಹಿತ್ತಿಲಿಗೆ ಹೋಗಿ ನೋಡಿ. ನಾಯಿಗೆ ದಿನಕ್ಕೆ ಆರು ಮೊಟ್ಟೆ. ಬಡವರ ಮಗು ತಿಂದರೆ ಧರ್ಮ ಕೆಡುತ್ತದೆ. ರಾಟ್‌ವೀಲರ್ ತಿಂದರೆ ಬಾಡಿ ಬರುತ್ತದೆ. ಮನೆಯೊಳಗೆ ಈರುಳ್ಳಿಯನ್ನೂ ಬಿಟ್ಟವರು ನಾಯಿಗಾಗಿ ಕೋಳಿ ಅಂಗಡಿಯ ಮುಂದೆ ಮುಖ ಮುಚ್ಚಿಕೊಂಡು ನಿಲ್ಲುತ್ತಾರೆ. "ನಮಗಲ್ರೀ, ನಾಯಿಗೆ" ಅನ್ನುತ್ತಾರೆ. ಅಂಗಡಿಯವನು ತಲೆಯಾಡಿಸುತ್ತಾನೆ. ಅವನು ಊರಿನ ಎಲ್ಲರ ಗುಟ್ಟು ಬಲ್ಲವನು.

ಡಬ್ಬಿ, ಸೂಜಿ ಎರಡೂ ಬೇಡ, ಹುಟ್ಟಿನಲ್ಲೇ ಬಾಡಿ ಬೇಕು ಅನ್ನುವವರಿಗೂ ದಾರಿಯುಂಟು. 2015ರಲ್ಲಿ ಚೀನಾದ ಗ್ವಾಂಗ್‌ಝೌ ವಿಜ್ಞಾನಿಗಳು ಬೀಗಲ್ ನಾಯಿಯ ವಂಶವಾಹಿಯಲ್ಲಿ ಮಯೋಸ್ಟಾಟಿನ್ ಎಂಬುದನ್ನು ಕೆಡಿಸಿ ನೋಡಿದರು. ಮಾಂಸಖಂಡ ಇಷ್ಟೇ ಬೆಳೆಯಲಿ ಎಂದು ಮೈಗೆ ಕಡಿವಾಣ ಹಾಕುವುದು ಅದು. ಹಾಗೆ ಹುಟ್ಟಿದ ಮರಿಗಳಲ್ಲಿ ಒಂದಕ್ಕೆ ಹರ್ಕ್ಯುಲಿಸ್ ಎಂದು ಹೆಸರಿಟ್ಟರು. ಅದಕ್ಕೂ ಮೊದಲು, 2007ರಲ್ಲಿ, ಓಟದ ವಿಪ್ಪೆಟ್ ನಾಯಿಗಳಲ್ಲಿ ಅದೇ ಕೆಡುಕು ತಾನಾಗಿ ಆಗಿರುವುದು ಪತ್ತೆಯಾಗಿತ್ತು. ಕೆಟ್ಟ ಪ್ರತಿ ಒಂದೇ ಇದ್ದರೆ ನಾಯಿ ಉಳಿದವಕ್ಕಿಂತ ಜೋರಾಗಿ ಓಡುತ್ತದೆ. ತಾಯಿ ತಂದೆ ಇಬ್ಬರಿಂದಲೂ ಬಂದರೆ ಗೂಳಿಯಂತೆ ಉಬ್ಬುತ್ತದೆ, ಓಟಕ್ಕೆ ಕೆಲಸಕ್ಕೆ ಬರುವುದಿಲ್ಲ. ಉಬ್ಬಿದ್ದೇ ಶಕ್ತಿಯಲ್ಲ ಎಂದು ಆ ನಾಯಿಯೇ ಓಡದೆ ತೋರಿಸಿತು. ನಮ್ಮ ತಮ್ಮ ಅದರ ಫೋಟೊವನ್ನು ಮಾತ್ರ ವಾಲ್‌ಪೇಪರ್ ಮಾಡಿಕೊಂಡಿದ್ದಾನೆ.

ಇದೆಲ್ಲ ನಡೆಯುತ್ತಿರುವುದು ಎಲ್ಲಿ? ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಮುಧೋಳ ಇರುವ ನಾಡಿನಲ್ಲಿ.

ದೇಶಕ್ಕೆ ದೇಶವೇ ನಮ್ಮ ಕಡೆಯ ಮುಧೋಳ ನಾಯಿಯನ್ನು ಹೊಗಳುತ್ತದೆ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಈ ಬೇಟೆ ನಾಯಿಯನ್ನು ಮುತುವರ್ಜಿಯಿಂದ ಬೆಳೆಸಿದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಜೋಡಿ ಕಾಣಿಕೆ ಕೊಟ್ಟರೆಂದು ಇಂದಿಗೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಲ್ಲಿಂದ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್ 30ರಂದು ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರು ಹಿಡಿದು ಹೇಳಿದರು, ದೇಸಿ ನಾಯಿ ಸಾಕಿ ಎಂದರು.

ನಮ್ಮವರು ಚಪ್ಪಾಳೆ ತಟ್ಟಿದರು. ಆತ್ಮನಿರ್ಭರ ಎಂದು ಘೋಷಣೆ ಕೂಗಿದರು. ಕೂಗಿ, ಸೈಬೀರಿಯಾದ ಹಸ್ಕಿ ತಂದರು.

ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ನಾಯಿ ಅದು. ಮೈತುಂಬ ಎರಡು ಪದರದ ಕೂದಲು. ಅದೀಗ ಗದಗ ಜಿಲ್ಲೆಯ ತಗಡಿನ ಶೆಡ್ಡಿನಲ್ಲಿ ಟೇಬಲ್ ಫ್ಯಾನಿನ ಮುಂದೆ ಬಿದ್ದಿದೆ. ಕರೆಂಟು ಹೋದಾಗ ಮಾಲಕ ಬಯ್ಯುವುದು ಹೆಸ್ಕಾಂ ಅನ್ನು. ಹಸ್ಕಿ ಯಾರನ್ನು ಬಯ್ಯಬೇಕೋ ತಿಳಿಯದೆ ಸುಮ್ಮನಿದೆ. ಅದಕ್ಕೂ ಬಾಡಿ ಮಾಡಿಸುತ್ತಾರಂತೆ, ಮೇ ತಿಂಗಳಲ್ಲಿ.

2003ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಪಗ್ ಓಡಿದ್ದೇ ಓಡಿದ್ದು, ದೇಶವೆಲ್ಲ ಪಗ್ ಆಯಿತು. ಆ ನಾಯಿಗೆ ಮೂಗೇ ಇಲ್ಲ. ಮಲಗಿದಾಗಲೂ ಗೊರಕೆ ಹೊಡೆದೇ ಉಸಿರಾಡಬೇಕು. ಅದನ್ನೂ ಓಟಕ್ಕೆ ಹಚ್ಚಿದವರನ್ನು ಬಲ್ಲೆ.

ಬೆಂಗಳೂರಿನವರ ಕಥೆ ಬೇರೆ. ಅಲ್ಲಿ ನಾಯಿಗೇ ಈಜುಕೊಳವುಂಟು, ನೀರೊಳಗಿನ ಟ್ರೆಡ್‌ಮಿಲ್ ಉಂಟು. ಮುಧೋಳ ತಳಿಗೆ ಬೇಡಿಕೆ ಬಂದ ಮೇಲೆ ಅದನ್ನೂ ಕೊಂಡು ಹೋಗಿ ಏಳನೇ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿದ್ದಾರೆ. ಬಯಲಲ್ಲಿ ಬಾಣದಂತೆ ಹೋಗುವ ನಾಯಿ ಕೆಳಗಿನ ಕಾರುಗಳನ್ನು ಎಣಿಸುತ್ತಾ ನಿಂತಿದೆ. ಅದೇ ಬೆಂಗಳೂರಲ್ಲಿ 2025ರಲ್ಲಿ ಒಬ್ಬರು 50 ಕೋಟಿ ರೂಪಾಯಿಗೆ ತೋಳನಾಯಿ ಕೊಂಡೆ ಎಂದರು. ಲೋಕವೆಲ್ಲ ಸುದ್ದಿಯಾಯಿತು. ಇ.ಡಿ. ಅಧಿಕಾರಿಗಳು ಬಾಗಿಲು ಬಡಿದ ಮೇಲೆ 50 ಕೋಟಿಯೂ ಇಲ್ಲ, ಅಂಥ ನಾಯಿಯೂ ಇಲ್ಲ ಎಂದು ಪತ್ರಿಕೆಗಳು ಬರೆದವು. ಪರವಾಗಿಲ್ಲ. ಇಲ್ಲದ ನಾಯಿಯ ಕುತ್ತಿಗೆಗೆ ಸರಪಳಿಯೂ ಇರಲಿಲ್ಲವಲ್ಲ, ಅಷ್ಟು ಪುಣ್ಯ.

ಊರಲ್ಲೇ ಉಳಿದ ಮುಧೋಳ ನಾಯಿಯ ಪಾಡೇನು? ಬಾಗಿಲಿಗೆ ಕಟ್ಟಿರುತ್ತಾರೆ. ಬಂದವರೆಲ್ಲ ಅದರ ಪಕ್ಕೆ ನೋಡಿ "ಯಾಕ್ರೀ, ಇಷ್ಟ್ ಬಡಕಾಗೇತಿ? ಏನೂ ಹಾಕೂದಿಲ್ಲೇನು?" ಅನ್ನುತ್ತಾರೆ. ಅದು ಬಡಕಲ್ಲ, ಅದರ ಮೈಕಟ್ಟೇ ಹಾಗೆ. ಓಟದ ನಾಯಿಗೆ ಕೊನೆಯ ಒಂದೆರಡು ಪಕ್ಕೆಲುಬು ಕಂಡರೆ ಅದು ಆರೋಗ್ಯ. ಬೇರೆ ನಾಯಿಗಳಿಗೂ ಪಕ್ಕೆಲುಬು ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಎಂಬುದೊಂದು ಇರಬೇಕು. ನಮ್ಮಲ್ಲಿ ಸೊಂಟವಿರುವುದು ಬಡತನದ ಗುರುತು. ಮಾಲಕ ನೆಂಟರ ಮಾತಿಗೆ ನಾಚಿ ತುಪ್ಪದ ರೊಟ್ಟಿ ತಿನ್ನಿಸುತ್ತಾನೆ. ಆರು ತಿಂಗಳಲ್ಲಿ ಬೇಟೆ ನಾಯಿ ಹೋಗಿ ಬಾಗಿಲಲ್ಲಿ ಒಂದು ದಿಂಬು ಉಳಿಯುತ್ತದೆ. ಇಲ್ಲವೇ ರಾತ್ರಿ ಹೊಲಕ್ಕೆ ಒಯ್ದು ಮೊಲ ಹಿಡಿಸುತ್ತಾರೆ. ಅದಕ್ಕೂ ಹೆಸರು ಫಿಟ್‌ನೆಸ್. 1972ರ ವನ್ಯಜೀವಿ ಕಾಯ್ದೆ ಅದನ್ನು ಅಪರಾಧ ಅನ್ನುತ್ತದೆ.

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಪ್ರಾಣಿಗಳಿಗೆ ಹಿಂಸೆ ಕೊಡಬಾರದೆಂದು 1960ರಲ್ಲಿ ಕಾಯ್ದೆ ಬಂತು. ಅತಿಯಾಗಿ ಓಡಿಸುವುದು, ಮಿತಿಮೀರಿ ಭಾರ ಹೊರಿಸುವುದು, ಭಾರದ ಇಲ್ಲವೇ ಗಿಡ್ಡ ಸರಪಳಿಯಲ್ಲಿ ತಾಸುಗಟ್ಟಲೆ ಕಟ್ಟುವುದು, ಕಾದಾಟಕ್ಕೆ ಛೂ ಬಿಡುವುದು ಎಲ್ಲವೂ ಅದರ 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತೇ? 10 ರೂಪಾಯಿಗೆ ಕಡಿಮೆಯಿಲ್ಲ, 50 ರೂಪಾಯಿಗೆ ಮೇಲಿಲ್ಲ. ಒಂದು ಪ್ಲೇಟ್ ಗಿರ್ಮಿಟ್ಟು, ಮಿರ್ಚಿ, ಚಹಾದ ರೊಕ್ಕ. ಅಷ್ಟು ಕೊಟ್ಟರೆ ನಾಯಿಯ ಬೆನ್ನು ಮುರಿದ ಲೆಕ್ಕ ಚುಕ್ತಾ. ಅರವತ್ತಕ್ಕೂ ಹೆಚ್ಚು ವರ್ಷ ಕಳೆದವು. ಶಾಸಕರ ಸಂಬಳ ಎಷ್ಟು ಸಲ ಏರಿತು, ಇದು ಏರಲಿಲ್ಲ.

ಸರಕಾರ ಸುಮ್ಮನೆ ಕೂತಿರಲಿಲ್ಲ. 2024ರ ಮಾರ್ಚ್ 12ರಂದು ಕೇಂದ್ರ ಒಂದು ಸುತ್ತೋಲೆ ಹೊರಡಿಸಿ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ಉಗ್ರ ಎಂದು ಸಾರಿತು. ನಾಯಿ ಸಾಕುವವರನ್ನು ಕೇಳಲಿಲ್ಲ. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮಾರ್ಚಿನಲ್ಲಿ ಉಗ್ರವಾದ ನಾಯಿ ತಿಂಗಳೊಳಗೆ ಸಾಧುವಾಯಿತು. ಸರಪಳಿಯ ಈ ತುದಿಯಲ್ಲಿರುವ ತಳಿಯ ಬಗ್ಗೆ ಯಾವ ಸುತ್ತೋಲೆಯೂ ಬರಲಿಲ್ಲ.

ಹಾಗಾದರೆ ನಾಯಿಗೆ ಮೈ ಬರುವುದು ಹೇಗೆ? ಬಹಳ ಬೇಸರದ ಉತ್ತರ. ಅದಕ್ಕೇ ಯಾರೂ ಕೇಳುವುದಿಲ್ಲ.

ಕಪ್ಪತಗುಡ್ಡದ ಸೆರಗಿನಲ್ಲಿ ಕುರಿ ಕಾಯುವವರ ಹಿಂದೆ ಹೋಗಿ ನೋಡಿ. 2019ರಲ್ಲಿ ವನ್ಯಜೀವಿಧಾಮವೆಂದು ಸಾರಿದ ಗುಡ್ಡ ಅದು. ತೋಳವುಂಟು, ಕತ್ತೆಕಿರುಬವುಂಟು. ಕುರಿಹಿಂಡಿನ ನಾಯಿಗೆ ತಳಿಯ ಸರ್ಟಿಫಿಕೇಟಿಲ್ಲ. ಹೆಸರು ಬಹುತೇಕ ಕರಿಯಾ, ಕೆಂಚ. ಬೆಳಗ್ಗೆ ಹಿಂಡಿನ ಜತೆ ಹೊರಟರೆ ಸಂಜೆವರೆಗೆ ನಡಿಗೆ. ಏರು, ಇಳಿಜಾರು, ಕಲ್ಲು, ಎರೆಮಣ್ಣು. ಬಿಸಿಲೇರಿದಾಗ ಹಿಂಡು ನೆರಳಿಗೆ ನಿಲ್ಲುತ್ತದೆ, ನಾಯಿಯೂ ನಿಲ್ಲುತ್ತದೆ. ನೀರು ಕಂಡಲ್ಲಿ ಇಳಿದು ಹೊರಳುತ್ತದೆ. ಮುಖ್ಯವಾಗಿ, ಮುಂದೆ ನಡೆಯುವ ಮನುಷ್ಯನೂ ಕಾಲಲ್ಲೇ ನಡೆಯುತ್ತಾನೆ. ಅದರ ಹಿಂಗಾಲಿನ ತೊಡೆ ನೋಡಿ, ಕಲ್ಲಲ್ಲಿ ಕಡೆದ ಹಾಗಿರುತ್ತದೆ. ಕುರುಬಣ್ಣನ ಕಾಲೂ ಹಾಗೇ ಇರುತ್ತದೆ. ಅವನು ಡಬ್ಬಿ ಕಂಡವನಲ್ಲ.

ಊರ ನಾಯಿಗೂ ಬೇಕಾದದ್ದು ಇದರದೇ ಸಣ್ಣ ಪಾಲು. ಮೊದಲು ಜಂತುಹುಳಿನ ಔಷಧಿ, ಉಣ್ಣೆ ತೆಗೆಸುವುದು, ಹುಚ್ಚುನಾಯಿ ರೋಗದ ಲಸಿಕೆ. ರಕ್ತ ಹೀರುವ ಉಣ್ಣೆ, ಹೊಟ್ಟೆಯೊಳಗಿನ ಹುಳು ಎರಡನ್ನೂ ಸಾಕಿಕೊಂಡು ಮೇಲಿಂದ ಮೊಟ್ಟೆ ಹಾಕಿದರೆ ಬಾಡಿ ಬರುವುದು ಹುಳಕ್ಕೆ. ಆಮೇಲೆ ನಡಿಗೆ. ಶುರುವಿಗೆ ಐದು ಹತ್ತು ನಿಮಿಷ ನಿಧಾನ, ಮೈ ಬೆಚ್ಚಗಾದ ಮೇಲೆ ಚುರುಕು, ಮುಗಿಸುವಾಗ ಮತ್ತೆ ನಿಧಾನ. ವಾರ ವಾರ ಸ್ವಲ್ಪ ಸ್ವಲ್ಪ ಏರಿಕೆ. ಮೆತ್ತಗಿನ ಏರು ಹತ್ತಿಸಿದರೆ ಹಿಂಗಾಲು ಗಟ್ಟಿಯಾಗುತ್ತದೆ. ಕೆರೆಯಲ್ಲಿ ಈಜಿಸಿದರೆ ಕೀಲಿಗೆ ಭಾರ ಬೀಳದೆ ಇಡೀ ಮೈ ದುಡಿಯುತ್ತದೆ. ಕೂರಿಸಿ ಏಳಿಸುವುದು ನಾಯಿಯ ಬಸ್ಕಿ. ಹಿಂದಕ್ಕೆ ನಾಲ್ಕು ಹೆಜ್ಜೆ ನಡೆಸುವುದು, ನೆಲಕ್ಕೆ ಹಾಕಿದ ಬಡಿಗೆಗಳನ್ನು ದಾಟಿಸುವುದು, ಇವಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ. ಜೋರು ದುಡಿಸಿದ ಮರುದಿನ ಬರೀ ಅಡ್ಡಾಡಿಸಬೇಕು, ಮಾಂಸಖಂಡ ಕಟ್ಟಿಕೊಳ್ಳುವುದು ಆ ಬಿಡುವಿನಲ್ಲೇ. ಉಂಡ ಕೂಡಲೇ ಓಡಿಸಬಾರದು, ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ತಾಸುಗಳಲ್ಲಿ ಪ್ರಾಣ ಹೋಗುತ್ತದೆ. ಕುಂಟಿದರೆ, ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡಿದರೆ ಅಂದಿನ ಕಸರತ್ತು ಬಂದ್.

ಇದನ್ನೆಲ್ಲ ಕೇಳಿ ತಮ್ಮ ಆಕಳಿಸಿದ. "ಇದಕ್ಕ ಎಷ್ಟ್ ದಿನಾ ಬೇಕ್ರೀ?"

"ತಿಂಗಳಗಟ್ಟಲೆ."

"ರೀಲ್ಸಿನ್ಯಾಗ ಹದಿನೈದ್ ದಿನಾ ಅಂದಾರ್ರೀ."

ಜಿಲ್ಲೆಯಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಗದಗಿನಲ್ಲಿ. ನಾಯಿಯ ಎಲುಬು, ನರ, ಕೀಲು ಓದಿ ಪಾಸಾದ ವೈದ್ಯರು ಅಲ್ಲಿದ್ದಾರೆ. ಊರ ಮಂದಿ ಅಂಥ ಜಾಗವನ್ನು ದನದ ದವಾಖಾನಿ ಎಂದು ಕರೆದು ದೂರ ಇಟ್ಟಿದ್ದಾರೆ. ಅರವತ್ತು ಸೆಕೆಂಡಿನ ವಿಡಿಯೊದಲ್ಲಿ ಬನಿಯನ್ ಹಾಕಿಕೊಂಡು ಕೂಗುವವನು ಇವರಿಗೆ ತಜ್ಞ.

ಅಂತೂ ಒಮ್ಮೆ ಟೈಸನ್ ಮುಂಗಾಲು ಎತ್ತಿಕೊಂಡು ಕುಂಟತೊಡಗಿದಾಗ ತಮ್ಮ ದವಾಖಾನೆಗೆ ಹೋದನಂತೆ. ಡಾಕ್ಟರು ಕಾಲು ಒತ್ತಿ ನೋಡಿದರು, ಟೈರು ಬಿಡಿಸಿದರು, ಕೆಲವು ವಾರ ಪೂರ್ತಿ ವಿಶ್ರಾಂತಿ ಎಂದರು. ಕಾಲು ನೆಟ್ಟಗಾಗಿ ಮತ್ತೆ ತೋರಿಸಲು ಹೋದಾಗ ಚೀಟಿಯಲ್ಲಿ ಒಂದೇ ಸಾಲು ಬರೆದುಕೊಟ್ಟರು: ದಿನಾ ಎರಡು ಹೊತ್ತು, ಹದಿನೈದು ನಿಮಿಷ, ಮಾಲಕನ ಜತೆ ನಡಿಗೆ.

ತಮ್ಮ ಆ ಚೀಟಿ ಹಿಡಿದು ನೆಟ್ಟಗೆ ಔಷಧಿ ಅಂಗಡಿಗೆ ಹೋಗಿ ಕೌಂಟರಿನ ಮೇಲೆ ಇಟ್ಟನಂತೆ. "ಅಣ್ಣಾರ, ಇದರಾಗ ಪೌಡರ್ ಐತೇನ್ರೀ, ಬರೇ ಗುಳಿಗಿ ಅಷ್ಟ ಬರ್ತಾವೋ?"